ಗೋಡೆಯೊಳಗಿನ ಹೆಂಗಸನ್ನು ತೆರೆಯ ಮೇಲೆ ತೋರಿಸಬೇಕೇ, ಬೇಡವೇ?

ಕಿಟಕಿಪಕ್ಕ

ಗೆಳೆಯರೇ, ಎರಡು ತಿಂಗಳಿಂದ ಒಂದೇ ದೃಶ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯನ್ನು ಅರ್ಧ ಗಂಟೆಯ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಚಿತ್ರಕಥೆ ನನ್ನದು, ನಿರ್ದೇಶನ ನನ್ನ ಗೆಳತಿಯದು.

ಕಥೆ ಓದದವರಿಗಾಗಿ ಹೇಳುತ್ತೇನೆ. ಹೆರಿಗೆಯ ನಂತರ ಮನಸ್ಸು ಕುಗ್ಗಿದ ಒಬ್ಬ ಹೆಂಗಸನ್ನು ವೈದ್ಯನಾದ ಅವಳ ಗಂಡ ಮೂರು ತಿಂಗಳ ಮಟ್ಟಿಗೆ ಒಂದು ಹಳೆಯ ಬಂಗಲೆಗೆ ಕರೆತರುತ್ತಾನೆ. ಕೆಲಸ ಮಾಡಬಾರದು, ಬರೆಯಬಾರದು, ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಬೇಕು. ಅವಳು ಕೇಳಿದ್ದು ಗುಲಾಬಿ ಹಬ್ಬಿದ ಕೆಳಗಿನ ಕೋಣೆ, ಸಿಕ್ಕಿದ್ದು ಕಿಟಕಿಗೆ ಸರಳುಗಳಿರುವ ಮಹಡಿಯ ಕೋಣೆ. ಅಲ್ಲಿನ ಗೋಡೆಗೆ ಹಚ್ಚಿದ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ತೆವಳುತ್ತಿರುವುದು ಬರಬರುತ್ತಾ ಅವಳಿಗೆ ಕಾಣತೊಡಗುತ್ತದೆ. ಇಡೀ ಕಥೆ ಅವಳು ಕದ್ದು ಬರೆದ ದಿನಚರಿಯ ರೂಪದಲ್ಲಿದೆ.

ಗೆಳತಿಗೆ ಆ ಹೆಂಗಸು ತೆರೆಯ ಮೇಲೆ ಕಾಣಲೇಬೇಕು. ‘ನಾಯಕಿ ನೋಡಿದ್ದನ್ನು ಪ್ರೇಕ್ಷಕರಿಗೆ ತೋರಿಸದಿದ್ದರೆ ನಾವೂ ಗಂಡನ ಪಕ್ಷ ಸೇರಿದಂತಾಗುತ್ತದೆ’ ಎನ್ನುತ್ತಾಳೆ. ನನಗೆ ಅದು ಸರಿ ಎನಿಸುವುದಿಲ್ಲ. ಒಮ್ಮೆ ತೋರಿಸಿದರೆ ಅದು ದೆವ್ವದ ಚಿತ್ರವಾಗಿಬಿಡುತ್ತದೆ. ಆದರೆ ತೋರಿಸದಿದ್ದರೆ ‘ಪಾಪ, ಹುಚ್ಚಿ’ ಎಂದು ದೂರದಿಂದ ನೋಡುವ ಚಿತ್ರವಾಗುತ್ತದೆ ಎಂಬ ಅವಳ ಭಯಕ್ಕೆ ನನ್ನಲ್ಲಿ ಉತ್ತರವೂ ಇಲ್ಲ. ನೀವಾದರೆ ಏನು ಮಾಡುತ್ತೀರಿ?

ಅರ್ಧರಾತ್ರಿ

ತೋರಿಸಬೇಡಿ. ತೋರಿಸಿದ ಕ್ಷಣವೇ ಭಯ ಸತ್ತುಹೋಗುತ್ತದೆ.

ರೀಲುಸುತ್ತು

ಇದನ್ನು ಎಲ್ಲರೂ ಮಂತ್ರದಂತೆ ಹೇಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. 1961ರ ‘ದಿ ಇನೊಸೆಂಟ್ಸ್’ ಚಿತ್ರದಲ್ಲಿ ಸರೋವರದಾಚೆ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸು ಹಾಡಹಗಲೇ ನಿಂತಿರುತ್ತಾಳೆ. ನಮಗೂ ಕಾಣುತ್ತಾಳೆ. ಭಯ ಸತ್ತಿತೇ? ನನಗಂತೂ ಆ ಚಿತ್ರದಲ್ಲಿ ಅದಕ್ಕಿಂತ ಭಯಂಕರವಾದ ಗಳಿಗೆ ಇನ್ನೊಂದಿಲ್ಲ. ತೋರಿಸುವುದರಿಂದಲ್ಲ, ಎಷ್ಟು ದೂರದಲ್ಲಿ, ಎಷ್ಟು ಹೊತ್ತು, ಯಾರ ಮುಖದ ನಂತರ ತೋರಿಸುತ್ತೀರಿ ಎಂಬುದರಿಂದ ಎಲ್ಲವೂ ತೀರ್ಮಾನವಾಗುತ್ತದೆ.

ಮಸೂರ

ರೀಲುಸುತ್ತು ಅವರ ಮಾತಿಗೆ ಒಂದು ಸೇರ್ಪಡೆ. ಆ ಚಿತ್ರದ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್. ಸ್ಟುಡಿಯೋದವರು ಸಿನಿಮಾಸ್ಕೋಪ್‌ನಲ್ಲೇ ಚಿತ್ರೀಕರಿಸಬೇಕೆಂದು ಹಟ ಹಿಡಿದರು. ಇಂಥ ಉಸಿರುಗಟ್ಟಿಸುವ ಕಥೆಗೆ ಅಷ್ಟು ಅಗಲದ ಚೌಕಟ್ಟು ಏಕೆ? ಅದಕ್ಕೆ ಫ್ರಾನ್ಸಿಸ್ ಫಿಲ್ಟರ್‌ಗಳ ಅಂಚಿಗೆ ಬಣ್ಣ ಬಳಿದು ಚೌಕಟ್ಟಿನ ಎರಡೂ ಬದಿಯನ್ನು ಕತ್ತಲಾಗಿಸಿದರು. ನಾಯಕಿ ಮೇಣದಬತ್ತಿ ಹಿಡಿದು ನಡೆಯುವಾಗ ಅವಳ ಸುತ್ತ ಮಾತ್ರ ಬೆಳಕು. ಅಂಚಿನಲ್ಲಿ ಏನಿದೆಯೋ ಎಂದು ನಮ್ಮ ಕಣ್ಣೇ ಹುಡುಕುತ್ತಿರುತ್ತದೆ.

ನಿಮ್ಮ ಚಿತ್ರಕ್ಕೂ ನನ್ನ ಮೊದಲ ಪ್ರಶ್ನೆ ಇದೇ: ಚೌಕಟ್ಟಿನ ಅಳತೆ ಯಾವುದು? ಅಗಲವಾದದ್ದು ಬೇಡ ಎನ್ನುತ್ತೇನೆ. ಗೋಡೆ ಚೌಕಟ್ಟನ್ನು ತುಂಬಿ ನಿಲ್ಲಬೇಕು.

ಓದುಗುಳಿ

ದಯವಿಟ್ಟು ಗಮನಿಸಿ, ‘ದಿ ಇನೊಸೆಂಟ್ಸ್’ ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕಥೆಯ ಅಳವಡಿಕೆ. ಹೆಂಗಸಿನ ಮನಸ್ಸು ನಂಬಿಕೆಗೆ ಅರ್ಹವೇ ಎಂದು ಹೊರಗಿನಿಂದ ಪರೀಕ್ಷಿಸುವ ಕಥೆ ಅದು. ಗಿಲ್ಮನ್ ಮಾಡುವುದು ಅದರ ವಿರುದ್ಧದ ಕೆಲಸ. ಇಲ್ಲಿ ನಂಬಿಕೆಗೆ ಅರ್ಹನಲ್ಲದವನು ‘ನಿನಗೇನೂ ಆಗಿಲ್ಲ’ ಎನ್ನುವ ವೈದ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ದೆವ್ವ ನಿಜವೋ, ಭ್ರಮೆಯೋ’ ಎಂಬ ಪ್ರಶ್ನೆಯೇ ಗಂಡಸರ ಪ್ರಶ್ನೆ ಎಂದು ನನಗೆ ಬಹಳ ಸಲ ಅನಿಸಿದೆ.

ರೀಲುಸುತ್ತು

ಓದುಗುಳಿ ಅವರೇ, ಅದು ಅತಿಯಾಯಿತು. ಅದೇ ಪ್ರಶ್ನೆಯನ್ನು ಶರ್ಲಿ ಜಾಕ್ಸನ್ ಕೂಡ ಕೇಳಿಲ್ಲವೇ?

ಓದುಗುಳಿ

ಕೇಳಿಲ್ಲ, ಅದಕ್ಕೆ ಸಾಕ್ಷಿಯೂ ಇದೆ. ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಅವರ 1959ರ ಕಾದಂಬರಿ. ಅದನ್ನು 1963ರಲ್ಲಿ ರಾಬರ್ಟ್ ವೈಸ್ ‘ದಿ ಹಾಂಟಿಂಗ್’ ಎಂಬ ಚಿತ್ರ ಮಾಡಿದರು. ಚಿತ್ರಕಥೆ ಬರೆದ ನೆಲ್ಸನ್ ಗಿಡಿಂಗ್‌ಗೆ ಓದುತ್ತಾ ಓದುತ್ತಾ ಇದೆಲ್ಲ ನಾಯಕಿ ಎಲಿನರ್‌ಳ ಮನಸ್ಸು ಒಡೆದುಹೋದ ಕಥೆ, ಆ ದೆವ್ವದ ಮನೆಯೇ ಒಂದು ಆಸ್ಪತ್ರೆ ಎಂಬ ಯೋಚನೆ ಹೊಳೆಯಿತು. ಇಬ್ಬರೂ ಹೋಗಿ ಜಾಕ್ಸನ್ ಅವರನ್ನೇ ಕೇಳಿದರು. ಯೋಚನೆ ಚೆನ್ನಾಗಿದೆ, ಆದರೆ ತಾನು ಬರೆದದ್ದು ಅದಲ್ಲ, ಅಲೌಕಿಕದ ಕಥೆಯನ್ನೇ ಬರೆದದ್ದು ಎಂದು ಅವರು ಸ್ಪಷ್ಟಪಡಿಸಿದರು. ಎಲಿನರ್ ಹೇಳುವುದು ನಿಜ ಎಂದು ಲೇಖಕಿಯೇ ನಿಂತು ಹೇಳಿದ್ದಾರೆ. ಹೆಂಗಸಿನ ಅನುಭವವನ್ನು ರೋಗಕ್ಕೆ ಇಳಿಸಿಬಿಡುವ ಆತುರ ಚಿತ್ರರಂಗಕ್ಕೆ ಮೊದಲಿನಿಂದಲೂ ಇದೆ.

ಪ್ರಶ್ನಾರ್ಥಕ

ಹಾಗಾದರೆ ಕಿಟಕಿಪಕ್ಕ ಅವರ ಗೆಳತಿ ಹೇಳುವುದೇ ಸರಿಯಲ್ಲವೇ? ತೋರಿಸಲಿ.

ನಿಧಾನಸ್ಥೆ

ನಾನು ಬಹಳ ದಿನದಿಂದ ಯೋಚಿಸುತ್ತಿರುವ ಒಂದು ಸಂಗತಿಯನ್ನು ಇಲ್ಲಿ ಇಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಜಾಕ್ಸನ್ ಕಾದಂಬರಿ ಆರಂಭವಾಗುವ ಮಾತಿನಿಂದಲೇ ಮುಗಿಯುತ್ತದೆ. ಆ ಮನೆಯಲ್ಲಿ ಏನು ನಡೆದಾಡುತ್ತಿತ್ತೋ ಅದು ಒಂಟಿಯಾಗಿ ನಡೆದಾಡುತ್ತಿತ್ತು ಎಂಬ ಮಾತು. ಕಾದಂಬರಿಯಲ್ಲಿ ಅದನ್ನು ಹೇಳುವುದು ನಿರೂಪಣೆಯ ದನಿ, ಯಾರದ್ದೂ ಅಲ್ಲದ ದನಿ. ಇನ್ನು 1963ರ ಚಿತ್ರದಲ್ಲಿ ಆರಂಭದ ಮಾತು ಸಂಶೋಧಕ ಡಾಕ್ಟರನದು. ಕೊನೆಯಲ್ಲಿ ಅದೇ ಮಾತನ್ನು ಹೇಳುವವಳು ಸತ್ತುಹೋದ ಎಲಿನರ್. ‘ಇಲ್ಲಿ ನಡೆದಾಡುವ ನಾವು ಒಂಟಿಯಾಗಿ ನಡೆದಾಡುತ್ತೇವೆ’ ಎನ್ನುತ್ತಾಳೆ. ‘ಅದು’ ಹೋಗಿ ‘ನಾವು’ ಬಂತು. ಡಾಕ್ಟರನ ಮಾತನ್ನು ಅವಳು ಕಿತ್ತುಕೊಂಡಳು. ಇಡೀ ಜೀವನ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಕಳೆದು, ಸ್ವಂತದ್ದೆನ್ನುವ ಮನೆಯೇ ಇಲ್ಲದಿದ್ದ ಹೆಂಗಸಿಗೆ ಕಡೆಗೂ ಒಂದು ವಾಕ್ಯ ಸ್ವಂತವಾಯಿತು. ಆ ಚಿತ್ರ ಮುಗಿದಾಗ ನಾನು ಎದ್ದು ದೀಪ ಹಾಕಲಾಗದೆ ಕುಳಿತಿದ್ದೆ.

ಈಗ ಅದೇ ಕಾದಂಬರಿಯನ್ನು ಆಧರಿಸಿದ 2018ರ ಸರಣಿಗೆ ಬನ್ನಿ. ಮೈಕ್ ಫ್ಲಾನಗನ್ ನಿರ್ದೇಶನದ ಹತ್ತು ಕಂತುಗಳು. ಅದರಲ್ಲಿ ಜಾಕ್ಸನ್ ಅವರ ಆರಂಭದ ಸಾಲುಗಳನ್ನು ಬರೆದವನು ಆ ಕುಟುಂಬದ ಹಿರಿಯ ಮಗ ಸ್ಟೀವನ್. ಸರಣಿಯೊಳಗೆ ಆ ಪುಸ್ತಕವೇ ಅವನದು! ಎಲಿನರ್ ಅವನ ತಂಗಿಯಾಗಿ ಸಾಯುತ್ತಾಳೆ, ಕಥೆ ಅವನದಾಗುತ್ತದೆ. ಕೊನೆಯ ಮಾತಿನಲ್ಲಿ ‘ಒಂಟಿಯಾಗಿ’ ಎಂಬುದು ‘ಒಟ್ಟಿಗೆ’ ಎಂದಾಗಿದೆ. ಆ ಸರಣಿಯಲ್ಲಿ ದುಃಖದ ಚಿತ್ರಣ ಎಷ್ಟೋ ಕಡೆ ಅಪೂರ್ವವಾಗಿದೆ, ಆರನೆಯ ಕಂತನ್ನು ಮೂರು ಸಲ ನೋಡಿದ್ದೇನೆ. ಆದರೂ ಆ ಒಂದು ಬದಲಾವಣೆಯನ್ನು ನನಗೆ ಕ್ಷಮಿಸಲು ಆಗಿಲ್ಲ. ಹೆಂಗಸೊಬ್ಬಳು ಬರೆದ ವಾಕ್ಯವನ್ನು ಕಥೆಯೊಳಗೇ ಗಂಡಸಿನ ಕೈಗೆ ಬರೆದುಕೊಟ್ಟಂತಾಯಿತು.

ಹಾಗಾಗಿ, ಕಿಟಕಿಪಕ್ಕ ಅವರೇ, ತೋರಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ನಿಮ್ಮ ಚಿತ್ರದ ಕೊನೆಯ ವಾಕ್ಯ ಯಾರ ಬಾಯಲ್ಲಿದೆ ಎಂದು ಹೇಳಿ.

ಅರ್ಧರಾತ್ರಿ

1963ರ ಚಿತ್ರದ ಕೊನೆಯ ಮಾತೂ ಡಾಕ್ಟರನದೇ ಅಲ್ಲವೇ?

ನಿಧಾನಸ್ಥೆ

ಅಲ್ಲ. ಇನ್ನೊಮ್ಮೆ ನೋಡಿ, ದನಿ ಅವಳದೇ.

ಅರ್ಧರಾತ್ರಿ

ಈಗಷ್ಟೇ ನೋಡಿ ಬಂದೆ. ನೀವು ಹೇಳಿದ್ದು ಸರಿ. ಇಷ್ಟು ವರ್ಷ ತಪ್ಪಾಗಿ ನೆನಪಿಟ್ಟುಕೊಂಡಿದ್ದೆ.

ಕಿಟಕಿಪಕ್ಕ

ನಿಧಾನಸ್ಥೆ ಅವರೇ, ನಿಮ್ಮ ಪ್ರಶ್ನೆ ಓದಿ ಚಿತ್ರಕಥೆಯ ಕೊನೆಯ ಪುಟ ತೆಗೆದು ನೋಡಿದೆ. ಗಂಡ ಬಾಗಿಲು ತೆರೆಯುತ್ತಾನೆ, ಅವಳು ತೆವಳುತ್ತಿರುವುದನ್ನು ನೋಡುತ್ತಾನೆ, ‘ಅಯ್ಯೋ ದೇವರೇ, ಏನು ಮಾಡುತ್ತಿದ್ದೀಯೆ’ ಎಂದು ಕುಸಿದು ಬೀಳುತ್ತಾನೆ. ಅಲ್ಲಿಗೆ ಮುಗಿಸಿದ್ದೇನೆ. ಅಂದರೆ ಕೊನೆಯ ಮಾತು ಅವನದು, ಕೊನೆಯ ನೋಟವೂ ಅವನದು. ಎರಡು ತಿಂಗಳಾದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಓದುಗುಳಿ

ಮೂಲದಲ್ಲಿ ಕೊನೆಯ ವಾಕ್ಯ ಅವಳದೇ. ಅವನು ಎಚ್ಚರ ತಪ್ಪಿ ದಾರಿಗೆ ಅಡ್ಡವಾಗಿ ಬಿದ್ದಿದ್ದಾನೆ, ಪ್ರತಿ ಸುತ್ತಿನಲ್ಲೂ ತಾನು ಅವನ ಮೇಲೆ ಹತ್ತಿ ತೆವಳಬೇಕಾಯಿತು ಎನ್ನುತ್ತಾಳೆ. ‘ಪ್ರತಿ ಸುತ್ತಿನಲ್ಲೂ’ ಎಂಬುದು ಮುಖ್ಯ. ಅವನು ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. ನೀವು ಅವನ ಬೀಳುವಿಕೆಯಲ್ಲಿ ಮುಗಿಸಿದರೆ ಅವಳ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಕತ್ತರಿಮೇಜು

ಸಂಕಲನದ ದೃಷ್ಟಿಯಿಂದ ಹೇಳುತ್ತೇನೆ. ಅವಳ ಸುತ್ತನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ಬಿಡಿ. ಮೊದಲ ಸಲ ಅವನ ದೇಹವನ್ನು ದಾಟುವಾಗ ಆಘಾತ, ಎರಡನೆಯ ಸಲ ಕಷ್ಟ, ಮೂರನೆಯ ಸಲ ಅಭ್ಯಾಸ. ಮೂರನೆಯ ಸಲವೇ ಭಯಂಕರ.

ಹಳೆಯ ಹೊತ್ತಗೆ

ಈ ಕಥೆಯ ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದಿಷ್ಟು. ಗಿಲ್ಮನ್ 1887ರಲ್ಲಿ ಫಿಲಡೆಲ್ಫಿಯಾದ ನರರೋಗತಜ್ಞ ಸೈಲಸ್ ವಿಯರ್ ಮಿಚೆಲ್ ಬಳಿ ‘ವಿಶ್ರಾಂತಿ ಚಿಕಿತ್ಸೆ’ಗೆ ಹೋದರು. ಮನೆಗೆ ಕಳಿಸುವಾಗ ಆತ ಕೊಟ್ಟ ಸಲಹೆಯನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ: ಆದಷ್ಟು ಮನೆವಾರ್ತೆಯಲ್ಲೇ ಬದುಕಬೇಕು, ಮಗು ಸದಾ ಜೊತೆಯಲ್ಲಿರಬೇಕು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಕೂಡದು, ಬದುಕಿರುವವರೆಗೆ ಪೆನ್ನು, ಕುಂಚ, ಪೆನ್ಸಿಲ್ ಮುಟ್ಟಕೂಡದು. ಅದನ್ನು ಪಾಲಿಸಿ ಹುಚ್ಚಿನ ಅಂಚಿಗೆ ಹೋಗಿ ಬಂದರು. ಕಥೆ ಬರೆದು ‘ಅಟ್ಲಾಂಟಿಕ್ ಮಂತ್ಲಿ’ಗೆ ಕಳಿಸಿದಾಗ ಸಂಪಾದಕ ಹೊರೇಸ್ ಸ್ಕಡರ್ ಹಿಂದಿರುಗಿಸಿದರು. ಇದನ್ನು ಓದಿ ತನಗಾದ ಸಂಕಟವನ್ನು ಇತರರಿಗೂ ಉಂಟುಮಾಡಿದರೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರೆ ಎಂಬುದು ಆತನ ಕಾರಣ! ಕೊನೆಗೆ ‘ನ್ಯೂ ಇಂಗ್ಲೆಂಡ್ ಮ್ಯಾಗಜಿನ್’ ಪ್ರಕಟಿಸಿತು. ಕಥೆ ಓದಿ ಮಿಚೆಲ್ ತನ್ನ ಚಿಕಿತ್ಸಾ ಕ್ರಮವನ್ನೇ ಬದಲಿಸಿದನಂತೆ. ಒಂದು ಕಥೆಗೆ ಇದಕ್ಕಿಂತ ದೊಡ್ಡ ಗೆಲುವು ಬೇಕೇ?

ಪ್ರಶ್ನಾರ್ಥಕ

ಆ ಕೊನೆಯ ಮಾತು ಜಾಗ್ರತೆ. ಮಿಚೆಲ್ ಬದಲಾದ ಎಂದು ಯಾರೋ ಹೇಳಿದ್ದು ತನ್ನ ಕಿವಿಗೆ ಬಿತ್ತೆಂದು ಗಿಲ್ಮನ್ 1913ರಲ್ಲಿ ಬರೆದರು. ಆತನ ಸ್ವಂತ ಬರಹಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ ಎಂದು ಆಮೇಲೆ ಹುಡುಕಿದ ವಿದ್ವಾಂಸರು ಹೇಳಿದ್ದಾರೆ. ನಿಮ್ಮ ಚಿತ್ರದ ಕೊನೆಗೆ ‘ವೈದ್ಯ ಬದಲಾದ’ ಎಂದು ಅಕ್ಷರಗಳನ್ನು ಹಾಕಿಬಿಡಬೇಡಿ.

ಹಳೆಯ ಹೊತ್ತಗೆ

ಒಪ್ಪಿದೆ. ನನಗೂ ಆ ಸಂಗತಿ ಇಷ್ಟವಾಗಿದ್ದರಿಂದ ಪರೀಕ್ಷಿಸದೆ ನಂಬಿದ್ದೆ.

ಮನೋವೈದ್ಯೆ

ವೃತ್ತಿಯಿಂದ ನಾನು ಮನೋವೈದ್ಯೆ. ಈ ಕಥೆಯನ್ನು ಹೊಸದಾಗಿ ಸೇರಿದ ಕಿರಿಯ ವೈದ್ಯರಿಗೆ ಓದಲು ಕೊಡುತ್ತೇನೆ. ಎರಡು ಮಾತು ಹೇಳಬೇಕು.

ಹೆರಿಗೆಯ ನಂತರದ ಖಿನ್ನತೆ ಬಹಳ ಸಾಮಾನ್ಯ. ಭ್ರಮೆಗಳು ಕಾಣುವಷ್ಟು ತೀವ್ರವಾದ ಸ್ಥಿತಿ ಅಪರೂಪ, ಸಾವಿರ ಹೆರಿಗೆಗಳಲ್ಲಿ ಒಂದೆರಡು. ಅದು ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳೊಳಗೇ ಕಾಣಿಸಿಕೊಳ್ಳುತ್ತದೆ, ತುರ್ತು ಚಿಕಿತ್ಸೆ ಬೇಕಾಗುತ್ತದೆ, ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ತೆರೆಯ ಮೇಲೆ ಇಂಥ ಹೆಂಗಸರನ್ನು ಕೆದರಿದ ಕೂದಲು, ಅರಳಿದ ಕಣ್ಣು, ಇದ್ದಕ್ಕಿದ್ದಂತೆ ನಗು ಎಂದೇ ತೋರಿಸುತ್ತಾರೆ. ನಾನು ನೋಡಿದವರು ಹಾಗಿರುವುದಿಲ್ಲ. ಬಹಳ ಜನ ತಮ್ಮ ಪಾಡನ್ನು ಮುಚ್ಚಿಡುವುದಕ್ಕೆ ಅತಿ ಶಿಸ್ತಿನಿಂದ ಇರುತ್ತಾರೆ. ಕಥೆಯಲ್ಲೂ ಅವಳು ಗಂಡನ ಎದುರು ಹುಷಾರಾಗುತ್ತಿರುವವಳಂತೆಯೇ ನಡೆದುಕೊಳ್ಳುತ್ತಾಳೆ, ಊಟ ಹೆಚ್ಚು ಮಾಡುತ್ತಾಳೆ, ಅವನಿಗೆ ಸಂತೋಷವೂ ಆಗುತ್ತದೆ. ನಿಮ್ಮ ನಟಿಗೆ ದಯವಿಟ್ಟು ಹೇಳಿ: ಕೊನೆಯ ಐದು ನಿಮಿಷದವರೆಗೂ ಅವಳು ಆ ಮನೆಯಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿರಲಿ.

ಇನ್ನೊಂದು, ಗಂಡನನ್ನು ದುಷ್ಟನನ್ನಾಗಿ ಮಾಡಬೇಡಿ.

ಜೊಂಡುಹುಲ್ಲು

ಮೇಡಂ, ಅದೇಕೆ? ಅವನು ದುಷ್ಟನೇ ಅಲ್ಲವೇ? ಹೆಂಡತಿಯನ್ನು ಸರಳುಗಳ ಹಿಂದೆ ಇಟ್ಟವನು!

ಮನೋವೈದ್ಯೆ

ಅವನು ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ, ತಲೆಯ ಬಳಿ ಕುಳಿತು ಪುಸ್ತಕ ಓದಿ ಹೇಳುತ್ತಾನೆ, ಮುದ್ದಿನಿಂದ ಕರೆಯುತ್ತಾನೆ. ಅಷ್ಟೆಲ್ಲ ಪ್ರೀತಿಯಲ್ಲಿ ಅವಳ ಒಂದು ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ದುಷ್ಟ ಗಂಡನನ್ನು ಬಿಟ್ಟು ಓಡಬಹುದು. ಇವನನ್ನು ಬಿಟ್ಟು ಓಡುವುದಕ್ಕೆ ಅವಳ ಬಳಿ ಕಾರಣವೇ ಇಲ್ಲದಂತೆ ಮಾಡಿಟ್ಟಿದ್ದಾನೆ.

ರೀಲುಸುತ್ತು

ಇದು ‘ಗ್ಯಾಸ್‌ಲೈಟ್’ಗೂ ಇದಕ್ಕೂ ಇರುವ ವ್ಯತ್ಯಾಸ. 1938ರ ಪ್ಯಾಟ್ರಿಕ್ ಹ್ಯಾಮಿಲ್ಟನ್ ನಾಟಕ, 1940ರಲ್ಲಿ ಬ್ರಿಟನ್ನಿನಲ್ಲಿ ಒಂದು ಚಿತ್ರ, 1944ರಲ್ಲಿ ಅಮೆರಿಕದಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಇನ್ನೊಂದು. ಅಲ್ಲಿ ಗಂಡ ಕಳ್ಳ, ಬೇಕೆಂದೇ ಹುಚ್ಚು ಹಿಡಿಸುತ್ತಾನೆ. ಕೊನೆಗೆ ಸಿಕ್ಕಿಬೀಳುತ್ತಾನೆ, ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಗಿಲ್ಮನ್ ಕಥೆಯಲ್ಲಿ ಸಿಕ್ಕಿಬೀಳುವುದಕ್ಕೆ ಕಳ್ಳನೇ ಇಲ್ಲ.

ಅರ್ಧರಾತ್ರಿ

ಗಂಡನನ್ನು ಒಳ್ಳೆಯವನನ್ನಾಗಿಸಲು ಹೋಗಿ ‘ರೆಬೆಕಾ’ ಮಾಡಿಬಿಡಬೇಡಿ ಮತ್ತೆ. 1938ರ ಕಾದಂಬರಿಯಲ್ಲಿ ಗಂಡ ಮೊದಲ ಹೆಂಡತಿ ರೆಬೆಕಾಳನ್ನು ಗುಂಡಿಟ್ಟು ಕೊಂದಿರುತ್ತಾನೆ. 1940ರ ಹಿಚ್‌ಕಾಕ್ ಚಿತ್ರದಲ್ಲಿ ಅವಳು ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಉಳಿಯುವುದಕ್ಕೆ ಅಂದಿನ ಹಾಲಿವುಡ್ ನಿರ್ಮಾಣ ಸಂಹಿತೆ ಬಿಡುತ್ತಿರಲಿಲ್ಲ. ಗಂಡನ ಬಂಗಲೆಗೆ ಬೆಂಕಿಯಿಟ್ಟು, ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್‌ವರ್ಸ್ ಸಾಯುವುದೊಂದೇ ಕಾದಂಬರಿಯಿಂದ ಹಾಗೆಯೇ ಬಂದದ್ದು.

ಓದುಗುಳಿ

ಅದೂ ಹಾಗೆಯೇ ಬಂದದ್ದಲ್ಲ. ಕಾದಂಬರಿಯಲ್ಲಿ ಆಕೆ ಆ ಹೊತ್ತಿಗೆ ಗಂಟುಮೂಟೆ ಕಟ್ಟಿ ಹೊರಟುಹೋಗಿರುತ್ತಾಳೆ. ದೂರದಿಂದ ಆಕಾಶ ಕೆಂಪಾಗಿರುವುದು, ಗಾಳಿಯಲ್ಲಿ ಬೂದಿ ಹಾರಿಬರುವುದು, ಅಷ್ಟೇ. ಬೆಂಕಿಯ ನಡುವೆ ಆಕೆ ಸಾಯುವುದು ಚಿತ್ರದ ಸೇರ್ಪಡೆ.

ಆದರೆ ಕೊಲೆಯ ಬಗ್ಗೆ ನೀವು ಹೇಳಿದ್ದು ಮುಖ್ಯವಾದ ಮಾತು. ಕಾದಂಬರಿಯ ನಿಜವಾದ ಭಯ ಅಲ್ಲಿಯೇ ಇದೆ. ಗಂಡ ‘ನಾನು ಕೊಂದೆ’ ಎಂದಾಗ ಹೆಸರಿಲ್ಲದ ಆ ಎರಡನೆಯ ಹೆಂಡತಿಗೆ ಆಗುವುದು ದಿಗಿಲಲ್ಲ, ಅವನು ರೆಬೆಕಾಳನ್ನು ಪ್ರೀತಿಸಿರಲೇ ಇಲ್ಲ ಎಂಬ ನೆಮ್ಮದಿ! ಅದನ್ನು ಓದುವಾಗ ನಮಗೂ ಅರೆಕ್ಷಣ ನೆಮ್ಮದಿಯಾಗಿ, ಮರುಕ್ಷಣ ಮೈ ನಡುಗುತ್ತದೆ. ಕೊಲೆಯನ್ನು ಅಪಘಾತ ಮಾಡಿದರೆ ಅವಳ ಪಾಲಿನ ಆ ಪಾಪ ಅಳಿಸಿಹೋಗುತ್ತದೆ.

ಮಸೂರ

ಆ ಚಿತ್ರವನ್ನು ಪೂರ್ತಿ ತಳ್ಳಿಹಾಕಬೇಡಿ. ಕಿಟಕಿಪಕ್ಕ ಅವರ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ದೋಣಿಮನೆಯಲ್ಲಿ ಗಂಡ ತಪ್ಪೊಪ್ಪಿಕೊಳ್ಳುವ ದೃಶ್ಯ ನೆನಪಿಸಿಕೊಳ್ಳಿ. ರೆಬೆಕಾ ಅಂದು ಎಲ್ಲಿ ಕುಳಿತಿದ್ದಳು, ಹೇಗೆ ಎದ್ದಳು, ಯಾವ ಕಡೆಗೆ ನಡೆದಳು ಎಂದು ಅವನು ಹೇಳುತ್ತಾ ಹೋಗುತ್ತಾನೆ. ಕ್ಯಾಮೆರಾ ಆ ಖಾಲಿ ಜಾಗವನ್ನು ಹಿಂಬಾಲಿಸುತ್ತದೆ. ಮರುದೃಶ್ಯವಿಲ್ಲ, ನಟಿಯಿಲ್ಲ, ನೆರಳೂ ಇಲ್ಲ. ಆದರೂ ಅವಳು ಎದ್ದು ನಡೆದದ್ದನ್ನು ನಾನು ಕಂಡೆ ಎಂದು ಆಣೆ ಮಾಡಿ ಹೇಳಬಲ್ಲೆ.

ಎಂಬತ್ತು ವರ್ಷಗಳ ನಂತರ, 2020ರ ‘ದಿ ಇನ್‌ವಿಸಿಬಲ್ ಮ್ಯಾನ್’ನಲ್ಲಿ ಅದೇ ಉಪಾಯ ಮತ್ತೆ ಬಂತು. ಕ್ಯಾಮೆರಾ ಹೆಂಗಸನ್ನು ಬಿಟ್ಟು ಯಾರೂ ಇಲ್ಲದ ಮೂಲೆಯತ್ತ ತಿರುಗಿ ಕಾಯುತ್ತದೆ. ವೆಲ್ಸ್ ಅವರ ಹಳೆಯ ಕಥೆಯನ್ನು ಹಿಂಸೆ ಅನುಭವಿಸಿದ ಹೆಂಗಸಿನ ಕಡೆಯಿಂದ ಹೇಳಲು ಅವರಿಗೆ ಬೇಕಾದದ್ದು ಆ ಒಂದು ತಿರುಗುವಿಕೆ.

ಆದ್ದರಿಂದ ಗೋಡೆಯೊಳಗಿನ ಹೆಂಗಸನ್ನು ನೀವು ಚಿತ್ರಿಸಬೇಕಿಲ್ಲ. ಅವಳು ಅಲ್ಲಿ ಚಲಿಸುತ್ತಿದ್ದಾಳೆ ಎಂದು ಕ್ಯಾಮೆರಾ ನಂಬಿದರೆ ಸಾಕು. ಅವಳ ವೇಗದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ ಕಾಗದದ ಉದ್ದಕ್ಕೂ ಸಾಗಲಿ, ನಿಲ್ಲಲಿ, ಹಿಂದಿರುಗಲಿ. ಆಗ ನಿಮ್ಮ ಗೆಳತಿಯ ಭಯಕ್ಕೂ ಉತ್ತರ ಸಿಗುತ್ತದೆ. ಕ್ಯಾಮೆರಾ ಗಂಡನ ಪಕ್ಷವಲ್ಲ, ನಾಯಕಿಯ ಪಕ್ಷ.

ಕಿಟಕಿಪಕ್ಕ

ಇದನ್ನು ಓದಿ ಗೆಳತಿಗೆ ಆಗಲೇ ಫೋನ್ ಮಾಡಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕಾಗದದ ಚಿತ್ತಾರವನ್ನು ನಾವೇ ಬಿಡಿಸಬೇಕು’ ಎಂದಳು.

ಪ್ರಶ್ನಾರ್ಥಕ

ಚಲನಚಿತ್ರ ಚಿಂತಕಿ ಲಾರಾ ಮಲ್ವಿ 1975ರ ಪ್ರಬಂಧದಲ್ಲಿ ಹೇಳಿದ್ದು ಇದೇ ತೊಡಕು. ಕ್ಯಾಮೆರಾ ಹೆಂಗಸನ್ನು ನೋಡುವ ಕಣ್ಣಾಗಿಯೇ ಬೆಳೆದುಬಂದಿದೆ. ನರಳುವ ಹೆಂಗಸಂತೂ ಅದಕ್ಕೆ ಇನ್ನೂ ಪ್ರಿಯ. ಕ್ಯಾಮೆರಾವನ್ನು ಅವಳಿಂದ ತಿರುಗಿಸಿ ಅವಳು ನೋಡುವುದರತ್ತ ಇಡುವುದು ಬರೀ ತಂತ್ರವಲ್ಲ.

ಶಬ್ದವೇಧಿ

ಎಲ್ಲರೂ ಕಣ್ಣಿನ ಬಗ್ಗೆಯೇ ಬರೆಯುತ್ತಿದ್ದೀರಿ. ಕಿವಿ? 1963ರ ‘ದಿ ಹಾಂಟಿಂಗ್’ನಲ್ಲಿ ಬಾಗಿಲಾಚೆಯ ಬಡಿತ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ. ಗಿಲ್ಮನ್ ಕಥೆಯನ್ನೇ 1948ರಲ್ಲಿ ಅಮೆರಿಕದ ‘ಸಸ್ಪೆನ್ಸ್’ ರೇಡಿಯೋ ಸರಣಿಯಲ್ಲಿ ಆಗ್ನೆಸ್ ಮೂರ್‌ಹೆಡ್ ದನಿಯಲ್ಲಿ ಪ್ರಸಾರ ಮಾಡಿದರು. ತೋರಿಸುವುದೋ ಬೇಡವೋ ಎಂಬ ಜಗಳವೇ ಇಲ್ಲ, ಅವಳ ಉಸಿರು ಮಾತ್ರ. ಕಾಗದ ಹರಿಯುವ ಸದ್ದನ್ನು ಮೊದಲ ದಿನವೇ ಧ್ವನಿಮುದ್ರಿಸಿಕೊಳ್ಳಿ. ಒದ್ದೆ ಕಾಗದ, ಒಣ ಕಾಗದ, ಅಂಟು ಹಿಡಿದ ಕಾಗದ, ಮೂರೂ ಬೇರೆ ಬೇರೆ.

ಜೊಂಡುಹುಲ್ಲು

ದಿನಚರಿಯನ್ನು ಹಿನ್ನೆಲೆ ದನಿಯಲ್ಲಿ ಓದಿಸುತ್ತೀರಾ? ನನಗೆ ಹಿನ್ನೆಲೆ ದನಿ ಎಂದರೆ ಆಗುವುದಿಲ್ಲ, ಸೋಮಾರಿ ಚಿತ್ರಕಥೆ ಎನಿಸುತ್ತದೆ.

ಕತ್ತರಿಮೇಜು

ಇಲ್ಲಿ ಬೇಕೇ ಬೇಕು. ಅವಳಿಗೆ ನಿಷೇಧಿಸಿದ್ದೇ ಬರವಣಿಗೆ. ಬರೆಯುವ ಕೈ, ಹೆಜ್ಜೆ ಸಪ್ಪಳ ಕೇಳಿದೊಡನೆ ಅರ್ಧ ವಾಕ್ಯದಲ್ಲಿ ನಿಲ್ಲುವ ದನಿ. ಹಿನ್ನೆಲೆ ದನಿಯನ್ನು ವಿವರಣೆಗೆ ಬಳಸಿದರೆ ಸೋಮಾರಿತನ. ಅದನ್ನೇ ಕತ್ತರಿಸಿದರೆ ದೃಶ್ಯ.

ನಿಧಾನಸ್ಥೆ

ಬೇಡ ಎನ್ನುವವರಿಗೆ ಇನ್ನೊಂದು ಕಾರಣ: ಕಥೆಯ ದನಿಯಲ್ಲಿ ಕೊನೆಕೊನೆಗೆ ‘ಅವಳು’ ಮತ್ತು ‘ನಾನು’ ಬೆರೆತುಹೋಗುತ್ತವೆ. ಗೋಡೆಯಿಂದ ಹೊರಬಂದವಳೇ ತಾನು ಎಂದು ಮಾತನಾಡುತ್ತಾಳೆ. ಅದು ದನಿಯಲ್ಲಿ ಮಾತ್ರ ಸಾಧ್ಯ.

ಹಳೆಯ ಹೊತ್ತಗೆ

ಚರ್ಚೆಗೆ ಸ್ವಲ್ಪ ಹೊರಗಿನ ಮಾತು. ಈ ಕಥೆಯನ್ನು ಕನ್ನಡಕ್ಕೆ ತರಲು ಒಮ್ಮೆ ಕುಳಿತಿದ್ದೆ, ಆ ‘ತೆವಳು’ ಎಂಬ ಪದದಲ್ಲೇ ನಿಂತುಬಿಟ್ಟೆ. ಮೂಲದ ಪದಕ್ಕೆ ನೆಲ ಹಿಡಿದು ಸಾಗುವುದು ಎಂಬ ಅರ್ಥವೂ ಇದೆ, ಕಳ್ಳಹೆಜ್ಜೆಯಲ್ಲಿ ಬರುವುದು ಎಂಬ ಅರ್ಥವೂ ಇದೆ. ‘ತೆವಳು’ ಎಂದರೆ ಹಾವು ಹುಳು ನೆನಪಾಗುತ್ತದೆ. ಕೊನೆಗೆ ‘ಅಂಬೆಗಾಲಿಡು’ ಎಂದು ಬರೆದು ನೋಡಿದೆ.

ಓದುಗುಳಿ

ಅಂಬೆಗಾಲೇ? ಅದರಲ್ಲಿ ಮುದ್ದು ತುಂಬಿದೆ, ಭಯವೆಲ್ಲ ಕರಗಿಹೋಗುತ್ತದೆ.

ಹಳೆಯ ಹೊತ್ತಗೆ

ಆ ಮುದ್ದೇ ನನಗೆ ಬೇಕಿತ್ತು. ಅದು ಮಕ್ಕಳ ಕೋಣೆ. ಗಂಡ ಅವಳನ್ನು ಪುಟ್ಟ ಹುಡುಗಿ ಎಂದೇ ಕರೆಯುತ್ತಾನೆ. ಮಗು ಎಂದು ಕರೆದು ಕರೆದು ಮಗುವನ್ನೇ ಮಾಡಿದ್ದಾನೆ, ಅವಳು ಈಗ ಅಂಬೆಗಾಲಿಟ್ಟು ಅವನ ಮೇಲೆ ಹತ್ತಿ ಹೋಗುತ್ತಾಳೆ.

ಓದುಗುಳಿ

ಹೌದು. ಹೀಗೆ ಹೇಳಿದ ಮೇಲೆ ‘ತೆವಳು’ ಸಪ್ಪೆ ಎನಿಸುತ್ತಿದೆ. ಆ ಅನುವಾದ ಮುಗಿಸಿ, ದಯವಿಟ್ಟು.

ಕಲಾಸಾಮಗ್ರಿ

ಸೆಟ್‌ನ ಕೆಲಸ ಮಾಡುವವನಾಗಿ ಒಂದು ಕಷ್ಟ ಹೇಳುತ್ತೇನೆ. ಕಥೆಯಲ್ಲಿ ಆ ಕೋಣೆಯ ಗೋಡೆಗೆ ಜಡಿದ ಬಳೆಯಾಕಾರದ ಕೊಂಡಿಗಳಿವೆ, ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ, ಮಂಚವನ್ನು ಯಾರೋ ಕಡಿದ ಗುರುತಿದೆ. ಹಿಂದೆ ಮಕ್ಕಳು ಆಡುತ್ತಿದ್ದ ಕೋಣೆಯಾದ್ದರಿಂದ ಹೀಗಿದೆ ಎಂದು ಅವಳು ಬರೆಯುತ್ತಾಳೆ. ಓದುವಾಗ ನಾವೂ ಒಂದು ಪುಟ ನಂಬುತ್ತೇವೆ. ತೆರೆಯ ಮೇಲೆ ಸರಳು, ಬಳೆ, ಮೊಳೆ ಹೊಡೆದ ಮಂಚ ಒಟ್ಟಿಗೆ ಕಂಡರೆ ಪ್ರೇಕ್ಷಕ ಮೊದಲ ಕ್ಷಣದಲ್ಲೇ ‘ಇದು ಸೆರೆಮನೆ’ ಎನ್ನುತ್ತಾನೆ. ಅವಳಿಗಿಂತ ಮೊದಲೇ ನಮಗೆ ಗೊತ್ತಾದರೆ ಅವಳು ದಡ್ಡಿಯಾಗುತ್ತಾಳೆ.

ಅದಕ್ಕೆ ಮಕ್ಕಳ ಕೋಣೆ ಎಂಬುದನ್ನು ನಿಜವಾಗಿಯೂ ಸಾಧಿಸಿ. ಬಳೆಗೆ ಹಗ್ಗದ ಉಯ್ಯಾಲೆಯ ಒಂದು ತುಂಡು ಉಳಿದಿರಲಿ, ಮೂಲೆಯಲ್ಲಿ ಕಾಲು ಮುರಿದ ಆಟದ ಕುದುರೆ. ಆ ವಸ್ತುಗಳನ್ನು ಒಂದೊಂದಾಗಿ, ಕಾಣದಂತೆ ತೆಗೆಯುತ್ತಾ ಬನ್ನಿ. ಇನ್ನೊಂದು, ಗೋಡೆಯ ಕೆಳಭಾಗದಲ್ಲಿ ಕೋಣೆಯ ಸುತ್ತ ಉಜ್ಜಿಹೋದ ಒಂದು ಗೆರೆಯಿದೆ. ಅದನ್ನು ಮೊದಲ ದೃಶ್ಯದಿಂದಲೇ ಇಡಿ, ಯಾರೂ ಅದರ ಮಾತೆತ್ತದಿರಲಿ. ಕೊನೆಯಲ್ಲಿ ಅವಳ ಭುಜ ಆ ಗೆರೆಗೆ ಸರಿಯಾಗಿ ಕೂರಬೇಕು. ಆ ಎತ್ತರವನ್ನು ನಿಮ್ಮ ನಟಿ ಮೊಣಕಾಲೂರಿದಾಗ ಅಳೆದೇ ಗೋಡೆ ಕಟ್ಟಿಸಿ.

ಮಸೂರ

ಗೆರೆಯ ಬಗ್ಗೆ ಹೇಳಿದ್ದು ಬಂಗಾರದಂಥ ಮಾತು. ಅವಳಿಗಿಂತ ಮೊದಲು ಅಲ್ಲಿ ಯಾರೋ ತೆವಳಿದ್ದರೇ, ಅಥವಾ ಅದು ಅವಳದೇ ಗೆರೆಯೇ? ಅವಳ ಬಟ್ಟೆಗೆಲ್ಲ ಹಳದಿ ಕಲೆ ಹತ್ತಿರುವುದನ್ನು ನಾದಿನಿ ಎತ್ತಿ ಆಡುತ್ತಾಳಲ್ಲವೇ.

ಪ್ರಶ್ನಾರ್ಥಕ

ಒಂದು ಅಹಿತಕರ ಪ್ರಶ್ನೆ, ಯಾರೂ ಎತ್ತಿಲ್ಲ. ಗಿಲ್ಮನ್ ಅವರ ಇತರ ಬರಹಗಳಲ್ಲಿ ಜನಾಂಗದ ಬಗ್ಗೆ, ವಲಸಿಗರ ಬಗ್ಗೆ ಓದಲಾಗದಂಥ ಮಾತುಗಳಿವೆ. ‘ಹಳದಿ’ ಎಂಬ ಬಣ್ಣದಲ್ಲೇ ಆ ಕಾಲದ ಅಮೆರಿಕದ ವಲಸಿಗ ದ್ವೇಷ ಇಣುಕುತ್ತದೆ ಎಂದು ಸಾಹಿತ್ಯ ವಿಮರ್ಶಕಿ ಸೂಸನ್ ಲ್ಯಾನ್ಸರ್ 1989ರಲ್ಲಿ ವಾದಿಸಿದರು. ಸ್ತ್ರೀವಾದದ ಆರಾಧ್ಯ ಕಥೆ ಎಂದು ಇದನ್ನು ಎತ್ತಿಹಿಡಿಯುವಾಗ ಇದನ್ನೂ ಎದುರಿಸಬೇಡವೇ?

ಜೊಂಡುಹುಲ್ಲು

ಹಾಗೆ ನೋಡಿದರೆ ಹಳೆಯ ಯಾವ ಕಥೆಯನ್ನೂ ಮುಟ್ಟಲಾಗದು.

ನಿಧಾನಸ್ಥೆ

ಮುಟ್ಟಬಹುದು, ಗೊತ್ತಿದ್ದು ಮುಟ್ಟಬೇಕು. ‘ಜೇನ್ ಐರ್’ ಕಾದಂಬರಿಯಲ್ಲಿ ಗಂಡ ಅಟ್ಟದಲ್ಲಿ ಕೂಡಿಟ್ಟ ಹೆಂಡತಿಗೆ ಜೀನ್ ರೀಸ್ 1966ರಲ್ಲಿ ಒಂದು ಇಡೀ ಕಾದಂಬರಿಯನ್ನೇ ಕೊಟ್ಟರು. ಒಬ್ಬ ಹೆಂಗಸಿನ ಬಿಡುಗಡೆಯ ಕಥೆಯ ಕೆಳಗೆ ಇನ್ನೊಬ್ಬಳು ಸೆರೆಯಲ್ಲಿದ್ದಳು ಎಂದು ತೋರಿಸಿದರು. ಅದನ್ನು ಹೆಂಗಸೇ ಹೆಂಗಸಿಗೆ ತೋರಿಸಿದ್ದು. ಗಿಲ್ಮನ್ ಕಥೆಯಲ್ಲೂ ಮಗುವನ್ನು ನೋಡಿಕೊಳ್ಳುವ ಮೇರಿ ಎಂಬವಳಿದ್ದಾಳೆ, ಒಂದೇ ಒಂದು ಸಾಲು. ಅವಳಿಗೆ ಚಿತ್ರದಲ್ಲಿ ಒಂದು ಮುಖ ಕೊಡಿ. ಮಹಡಿಯಲ್ಲಿ ಹೆಂಗಸೊಬ್ಬಳಿಗೆ ಕೆಲಸ ಮಾಡಲು ಬಿಡುವುದಿಲ್ಲ, ಕೆಳಗೆ ಇನ್ನೊಬ್ಬಳಿಗೆ ಕೆಲಸ ನಿಲ್ಲಿಸಲು ಬಿಡುವುದಿಲ್ಲ.

ಪ್ರಶ್ನಾರ್ಥಕ

ಇದು ನನಗೆ ಒಪ್ಪಿಗೆ.

ಕಿಟಕಿಪಕ್ಕ

ನಿನ್ನೆ ರಾತ್ರಿ ಗೆಳತಿಯೊಡನೆ ಕುಳಿತು ಕೊನೆಯ ದೃಶ್ಯವನ್ನು ತಿದ್ದಿದೆವು. ಬಾಗಿಲಿನಿಂದ ನೋಡುವ ಶಾಟ್ ತೆಗೆದುಹಾಕಿದೆವು. ಕ್ಯಾಮೆರಾ ನೆಲದ ಮಟ್ಟದಲ್ಲಿ, ಗೋಡೆಯ ಗೆರೆಯ ಜೊತೆಗೇ ಸಾಗುತ್ತದೆ. ಗಂಡನ ಬೂಟುಗಳು ಬರುತ್ತವೆ, ಆಮೇಲೆ ಅವನ ಇಡೀ ದೇಹ ಚೌಕಟ್ಟಿನೊಳಗೆ ಬೀಳುತ್ತದೆ. ಅವನ ಮುಖ ಕಾಣುವುದಿಲ್ಲ. ಮೂರು ಸುತ್ತು, ಕತ್ತರಿಯಿಲ್ಲ. ಕಾಗದದ ಹಿಂದಿನವಳು ಎಲ್ಲಿಯೂ ಕಾಣುವುದಿಲ್ಲ. ಕೊನೆಯ ವಾಕ್ಯ ನಾಯಕಿಯ ದನಿಯಲ್ಲಿ, ಈ ಸಲ ಯಾವ ಹೆಜ್ಜೆ ಸಪ್ಪಳಕ್ಕೂ ಅರ್ಧದಲ್ಲಿ ನಿಲ್ಲದೆ ಪೂರ್ತಿ ಕೇಳುತ್ತದೆ. ಗೆಳತಿ ಒಪ್ಪಿದಳು. ಎಲ್ಲರಿಗೂ ಕೃತಜ್ಞತೆ.

ಶಬ್ದವೇಧಿ

ಒಂದು ಪ್ರಶ್ನೆ ಉಳಿದಿದೆ. ಇಷ್ಟು ಜನ ಇಷ್ಟು ಬರೆದೆವು, ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ಇಡೀ ಕಥೆಯಲ್ಲಿ ಅದು ಒಮ್ಮೆಯೂ ಅಳುವುದಿಲ್ಲ. ಕೆಳಗೆ ಎಲ್ಲೋ ಇದೆ ಅಷ್ಟೇ. ನಿಮ್ಮ ಚಿತ್ರದಲ್ಲಿ ಅದರ ಅಳು ಕೇಳುತ್ತದೆಯೇ?

ಕಿಟಕಿಪಕ್ಕ

ಚಿತ್ರಕಥೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಮನೋವೈದ್ಯೆ

ಅವಳಿಗೆ ಕೇಳಿಸುತ್ತಿರುತ್ತದೆ. ಎಷ್ಟು ಬಾಗಿಲು ಮುಚ್ಚಿದ್ದರೂ.

ಶಬ್ದವೇಧಿ

ಎರಡನೆಯ ಸುತ್ತಿನಲ್ಲಿ ಇಡಿ. ಮೂರನೆಯ ಸುತ್ತಿಗೆ ನಿಂತಿರಲಿ.